ಗಿಡ್ಡ ಕಾಲಿನ ಕುರ್ಚಿ

ಆ ಕಚೇರಿಯಿಂದ ಬೀದಿಗೆ ಬರಬೇಕಾದರೆ ಬಾವಿಯ ಪಕ್ಕದಿಂದಲೇ ಬರಬೇಕು. ಬೇರೆ ದಾರಿಯಿಲ್ಲ.

ಶಂಭುಲಿಂಗಪ್ಪ ಅವತ್ತು ಹೊರಟಾಗ ಕತ್ತಲಾಗಿತ್ತು. ಮಾನ್ವಿಯಲ್ಲಿ ಆಗ ಕರೆಂಟು ಇದ್ದಷ್ಟು ಹೊತ್ತು ಇರುತ್ತಿತ್ತು, ಹೋದರೆ ಹೋಯಿತು. ಅವತ್ತು ಹೋಗಿತ್ತು. ಕೈಯಲ್ಲಿ ಖಾಲಿ ಬುತ್ತಿ ಡಬ್ಬಿ. ಅದರೊಳಗಿನ ಚಮಚ ಹೆಜ್ಜೆಗೊಮ್ಮೆ 'ಟಿಣ್' ಅನ್ನುತ್ತಿತ್ತು. ಬಾವಿ ಹತ್ತಿರ ಬಂದಾಗ ಅವನು ಡಬ್ಬಿಯನ್ನು ಎದೆಗೆ ಒತ್ತಿ ಹಿಡಿದ. ಯಾಕೆ ಹಾಗೆ ಮಾಡಿದನೋ ಅವನಿಗೂ ಗೊತ್ತಿಲ್ಲ. ಯಾರಿಗೋ ಕೇಳಿಸಬಾರದು ಅನ್ನಿಸಿರಬೇಕು.

ಚಮಚ ಸುಮ್ಮನಾಯಿತು. ಆಗ ಇನ್ನೊಂದು ಸದ್ದು ಕೇಳಿಸಿತು.

'ಕಿರ್ರ್...'

ಬಾವಿಯ ರಾಟೆಯ ಸದ್ದು ಹೀಗಿರುವುದಿಲ್ಲ. ಇದು ಮರದ ಮೇಲೆ ಮರ ಸರಿಯುವ ಸದ್ದು. ಮೇಜಿನ ಮೇಲೆ ಕುರ್ಚಿ ಎಳೆದರೆ ಆಗುತ್ತದಲ್ಲ, ಅದು. ಬಂದದ್ದು ಬೆನ್ನ ಹಿಂದಿನಿಂದ, ಬೀಗ ಹಾಕಿದ್ದ ರೆಕಾರ್ಡ್ ರೂಮಿನಿಂದ. ಬೀಗ ಹಾಕಿದವನು ಅವನೇ. ಕೀಲಿಕೈ ಅವನ ಕಿಸೆಯಲ್ಲೇ ಇತ್ತು.

ಅವನು ನಿಂತ. ತಿರುಗಿ ನೋಡಲಿಲ್ಲ.

ಆಮೇಲೆ, ಎತ್ತರದಿಂದ, ಅಳುಕುತ್ತ, ಮೆಲ್ಲಗೆ...

"ಹಿಡದೀರೇನ್ರೀ, ಸಾಬ್?"

ಶಂಭುಲಿಂಗಪ್ಪನ ಬಾಯಿಂದ ತಾನಾಗಿ ಉತ್ತರ ಬಂತು. ನಾಲ್ಕು ವರ್ಷದ ರೂಢಿ.

"ಹಿಡದೀನಿ."

ಅಂದದ್ದೇ ಓಡಿದ.

ಶಂಭುಲಿಂಗಪ್ಪ ನನ್ನ ಸೋದರತ್ತೆಯ ಮಗ. ಬಾಗಲವಾಡದವನು. ಇದ್ದದ್ದನ್ನು ಇದ್ದಷ್ಟೇ ಹೇಳಲು ಬರದವನು, ಇಲ್ಲದ್ದನ್ನು ಹುಟ್ಟಿಸಿ ಹೇಳುವಷ್ಟು ಬುದ್ಧಿಯಂತೂ ಅವನಿಗಿಲ್ಲ. ಎಪ್ಪತ್ತೆಂಟರ ಬೇಸಿಗೆಯಲ್ಲಿ ಅವನು ಆ ಕಚೇರಿಯಲ್ಲಿ ಗುಮಾಸ್ತನಾಗಿದ್ದ. ಯಾವ ಕಚೇರಿ ಅನ್ನುವುದು ಬೇಡ. ನೌಕರಿ ಇನ್ನೂ ಖಾಯಂ ಆಗಿರಲಿಲ್ಲ. ಖಾಯಂ ಮಾಡಿ ಎಂದು ಬರೆದು ಕಳಿಸುವವನು ಹೆಡ್ ಕ್ಲಾರ್ಕ್ ಹಂಪಯ್ಯ. ಅವನ ಕಣ್ಣು ಎತ್ತ ಹೊರಳುತ್ತದೋ ಅತ್ತ ಶಂಭುಲಿಂಗಪ್ಪನ ಕುತ್ತಿಗೆ ಹೊರಳುತ್ತಿತ್ತು.

ಕಟ್ಟಡ ನಿಜಾಮರ ಕಾಲದ್ದು. ರೆಕಾರ್ಡ್ ರೂಮಿನ ಮಾಡು ಎತ್ತರ, ನೆಲಕ್ಕೆ ಫರ್ಸಿ ಕಲ್ಲು. ಗೋಡೆಯುದ್ದಕ್ಕೂ ಮಾಡು ಮುಟ್ಟುವ ಕಟ್ಟಿಗೆಯ ರ‍್ಯಾಕು. ಅದರ ತುಂಬ ಕೆಂಪು ಬಟ್ಟೆಯಲ್ಲಿ ಕಟ್ಟಿದ ಕಾಗದದ ಗಂಟುಗಳು. ಬಸ್ತಾ ಅನ್ನುತ್ತಾರೆ. ಹಳೆಯ ಬಸ್ತಾಗಳೆಲ್ಲ ಮೇಲಿನ ಸಾಲಿನಲ್ಲಿ. ಅವನ್ನು ಇಳಿಸಲೆಂದು ಸರಕಾರ ಒಂದು ನಿಚ್ಚಣಿಕೆ ಕೊಟ್ಟಿತ್ತು. ಅದು ಹಂಪಯ್ಯನ ಮನೆಯಲ್ಲಿತ್ತು. ಹಂಪಯ್ಯ ಹೊಸ ಮನೆ ಕಟ್ಟಿಸುತ್ತಿದ್ದ. ಗೋಡೆ ಏರಿದ ಹಾಗೆ ನಿಚ್ಚಣಿಕೆಯೂ ಅಲ್ಲೇ ಏರಿತು.

ಹಾಗಾಗಿ ಕಚೇರಿಯಲ್ಲಿ ಒಂದು ಪದ್ಧತಿ ಬಂತು. ಮೇಜನ್ನು ರ‍್ಯಾಕಿಗೆ ಒತ್ತಿ ಇಡುವುದು. ಅದರ ಮೇಲೊಂದು ಕುರ್ಚಿ. ಕುರ್ಚಿಯ ಮೇಲೆ ಜವಾನ ಮೀರಾಹುಸೇನ. ಕೆಳಗೆ ನಿಂತು ಕುರ್ಚಿ ಹಿಡಿಯುವವನು ಶಂಭುಲಿಂಗಪ್ಪ.

ಆ ಕುರ್ಚಿಯ ಒಂದು ಕಾಲು ಗಿಡ್ಡ. ಕೂತರೆ 'ಟಕ್' ಎಂದು ಆ ಕಡೆ ವಾಲುತ್ತಿತ್ತು, ಎದ್ದರೆ 'ಟಕ್' ಎಂದು ಈ ಕಡೆ. ಮೀರಾಹುಸೇನ ಹತ್ತುವ ಮುಂಚೆ ಬೀಡಿ ಕಟ್ಟಿನ ಕಾಗದ ಮಡಚಿ ಆ ಕಾಲಿನ ಕೆಳಗೆ ಇಡುತ್ತಿದ್ದ. ಬಿಸ್ಮಿಲ್ಲಾ ಅನ್ನುತ್ತಿದ್ದ. ಆಮೇಲೆ ಕೇಳುತ್ತಿದ್ದ.

"ಹಿಡದೀರೇನ್ರೀ, ಸಾಬ್?"

"ಹಿಡದೀನಿ, ಹತ್ತಲೇ."

ಮೀರಾಹುಸೇನ ಶಂಭುಲಿಂಗಪ್ಪನ ತಂದೆಯ ವಯಸ್ಸಿನವನು. ಎತ್ತರದ ಆಳು. ಅದಕ್ಕೇ ಅವನನ್ನು ಹತ್ತಿಸುತ್ತಿದ್ದರು. ಎತ್ತರವೆಂದರೆ ಅವನಿಗೆ ಜೀವ ಹೋಗುವಷ್ಟು ಅಂಜಿಕೆ. ಅದಕ್ಕೂ ಅವನನ್ನೇ ಹತ್ತಿಸುತ್ತಿದ್ದರು.

ಯಾಕೆಂದರೆ ಅದೊಂದು ಆಟವಾಗಿತ್ತು. ಮೊದಲು ಶುರು ಮಾಡಿದವನು ಶಂಭುಲಿಂಗಪ್ಪನೇ. ಮೀರಾಹುಸೇನ ಮೇಲೆ ಹೋಗಿ ಎರಡೂ ಕೈಯಲ್ಲಿ ಬಸ್ತಾ ಹಿಡಿದಾಗ, ಕೆಳಗಿನಿಂದ ಕುರ್ಚಿಯನ್ನು ಸ್ವಲ್ಪ ಅಲುಗಿಸುವುದು. ಸ್ವಲ್ಪವೇ. ಮೀರಾಹುಸೇನ "ಯಾ ಅಲ್ಲಾ!" ಎಂದು ಬಸ್ತಾ ತಬ್ಬಿಕೊಂಡು ಕಣ್ಣು ಮುಚ್ಚುತ್ತಿದ್ದ. ಕಚೇರಿಗೆ ಕಚೇರಿಯೇ ನಗುತ್ತಿತ್ತು.

"ಲೇ ಹುಸೇನ್ಯಾ, ಮ್ಯಾಲಿಂದ ಚಾರ್ಮಿನಾರ್ ಕಾಣತದೇನಲೇ?"

"ಕಾಣತದ್ರೀ ಸಾಬ್. ಬಿಡಬ್ಯಾಡ್ರಿ ಸಾಬ್."

ಇಳಿದ ಮೇಲೆ ಅವನೂ ನಗುತ್ತಿದ್ದ. ನಗದೆ ಏನು ಮಾಡುತ್ತಾನೆ?

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ. ಉಳಿದವರು ಊಟಕ್ಕೆ ಹೋಗಿದ್ದರು. ಹಂಪಯ್ಯನಿಗೆ ಮೇಲಿನ ಸಾಲಿನ ಒಂದು ಬಸ್ತಾ ಬೇಕಾಯಿತು. ಕಾಗದ ಮಡಚಿ ಇಟ್ಟದ್ದಾಯಿತು. ಬಿಸ್ಮಿಲ್ಲಾ ಆಯಿತು. ಮೀರಾಹುಸೇನ ಹತ್ತಿದ. ಶಂಭುಲಿಂಗಪ್ಪ ಅಲುಗಿಸಿದ. ಮೇಲಿನಿಂದ "ಯಾ ಅಲ್ಲಾ" ಬಂತು. ಬಾಗಿಲಲ್ಲಿ ನಿಂತಿದ್ದ ಹಂಪಯ್ಯ ಹೊಟ್ಟೆ ಹಿಡಿದುಕೊಂಡು ನಕ್ಕ.

"ಇನ್ನೊಮ್ಮಿ ಅಲಗಸಲೇ."

ಹೆಡ್ ಕ್ಲಾರ್ಕ್ ಹೇಳಿದ್ದು. ಶಂಭುಲಿಂಗಪ್ಪ ಇನ್ನೊಮ್ಮೆ ಅಲುಗಿಸಿದ. ಎಂದಿನಂತೆ ನಿಲ್ಲಿಸಲು ಹೋದ.

ಕುರ್ಚಿ ನಿಲ್ಲಲಿಲ್ಲ.

ಮಡಚಿದ ಕಾಗದ ಜಾರಿ ಹೊರಗೆ ಬಂತು. ಮೇಜಿನ ಮೇಲೆ ಕುರ್ಚಿ ಸರಿಯಿತು. 'ಕಿರ್ರ್...' ಆಮೇಲೆ ಏನೂ ಇಲ್ಲ. ಬೀಳುವವನಿಗೆ ಕೂಗಲು ಹೊತ್ತು ಇರುವುದಿಲ್ಲ. ಆಮೇಲೆ ಒದ್ದೆ ಗೋಣಿಚೀಲ ಮೇಲಿನಿಂದ ಎಸೆದ ಹಾಗೆ 'ಧಪ್'. ಆ ಸದ್ದಿನ ಒಳಗೇ ಸಣ್ಣದೊಂದು 'ಚಟ್'. ಎಳೆಯ ಬೆಂಡೆಕಾಯಿ ಮುರಿದಂಥ ಸದ್ದು. ಅದನ್ನು ಶಂಭುಲಿಂಗಪ್ಪ ಇವತ್ತಿಗೂ ಬಾಯಿಂದ ಮಾಡಿ ತೋರಿಸುತ್ತಾನೆ.

ಮೀರಾಹುಸೇನ ಸತ್ತಿರಲಿಲ್ಲ. ಫರ್ಸಿಯ ಮೇಲೆ ಅಂಗಾತ ಬಿದ್ದು ಮಾಡು ನೋಡುತ್ತಿದ್ದ. ಎದೆಯ ಮೇಲೆ ಆ ಬಸ್ತಾ. ಅದನ್ನು ಬಿಟ್ಟಿರಲಿಲ್ಲ.

"ಸಾಬ್... ನನ್ನ ಕಾಲು ಎಲ್ಲಿ ಅದಾವ್ರೀ?"

ಶಂಭುಲಿಂಗಪ್ಪ ಬಾಗಿಲ ಕಡೆ ಓಡಿದ. ಹಂಪಯ್ಯ ಬಾಗಿಲು ಮುಂದೆ ಮಾಡಿದ.

"ಎಲ್ಲಿಗೆ?"

"ಜೀಪು ಕರೀತೀನ್ರೀ ಸರ್. ದವಾಖಾನಿಗೆ..."

"ಕರಿ. ರಾಯಚೂರಿನಿಂದ ಸಾಹೇಬ್ರು ಬರತಾರ. ನಿಚ್ಚಣಿಕಿ ಎಲ್ಲಿ ಅಂತ ಕೇಳತಾರ. ನಮ್ಮನಿ ಗ್ವಾಡಿಗಿ ಹಚ್ಚೀನಿ ಅಂತ ನಾ ಹೇಳ್ಲಿ? ಕುರ್ಚಿ ಯಾರು ಹಿಡದಿದ್ರು ಅಂತ ಕೇಳತಾರ. ನೀ ಏನ್ ಹೇಳ್ತಿ?"

ಶಂಭುಲಿಂಗಪ್ಪ ಬಾಗಿಲಿನಿಂದ ಹಿಂದೆ ಸರಿದ.

ಹಂಪಯ್ಯ ಕಿಟಕಿಯಿಂದ ಹೊರಗೆ ನೋಡಿದ. ಬಿಸಿಲಲ್ಲಿ ಅಂಗಳ ಖಾಲಿ. ಬಾವಿಯ ಕಟ್ಟೆಯ ಮೇಲೆ ಬಕೆಟ್ಟು, ಹಗ್ಗ.

"ಬಾವಿ ಕಟ್ಟಿಮ್ಯಾಗ ಪಾಚಿ ಭಾಳ ಅದ" ಅಂದ. "ಯಾರರೆ ಜಾರತಾರ."

ಬೆನ್ನು ಮುರಿದವನನ್ನು ಎತ್ತಬಾರದು ಅನ್ನುವುದು ಈಗ ಎಲ್ಲರಿಗೂ ಗೊತ್ತು. ಆಗ ಗೊತ್ತಿದ್ದರೂ ಅವರು ಎತ್ತುತ್ತಿದ್ದರು. ಹಂಪಯ್ಯ ಬಸ್ತಾ ಕಿತ್ತು ಮೇಜಿನ ಮೇಲಿಟ್ಟು ಕಾಲು ಹಿಡಿದ. ಶಂಭುಲಿಂಗಪ್ಪ ಕಂಕುಳಲ್ಲಿ ಕೈ ಹಾಕಿದ. ಮೀರಾಹುಸೇನನ ತಲೆ ಹಿಂದಕ್ಕೆ ಜೋತುಬಿದ್ದು, ಕಣ್ಣು ನೇರವಾಗಿ ಶಂಭುಲಿಂಗಪ್ಪನ ಮುಖದ ಮೇಲೆ. ಹೊಸ್ತಿಲು ದಾಟುವಾಗ ಮತ್ತೆ ಒಳಗೇನೋ 'ಚಟ್' ಅಂತು. ಆಗ ಅವನು ಬಹಳ ಮೆಲ್ಲಗೆ ಕೇಳಿದ.

"ಹಿಡದೀರೇನ್ರೀ, ಸಾಬ್?"

"ಹಿಡದೀನಿ" ಅಂದ ಶಂಭುಲಿಂಗಪ್ಪ.

ಕಟ್ಟೆಯ ಮೇಲೆ ಮಲಗಿಸಿ ಮೈಮೇಲೆ ಎರಡು ಬಕೆಟ್ಟು ನೀರು ಸುರಿದರು. ಆಮೇಲೆ ಹಂಪಯ್ಯ ಗಂಟಲು ಸರಿಮಾಡಿಕೊಂಡು, ಓಣಿಗೆಲ್ಲ ಕೇಳುವ ಹಾಗೆ ಕೂಗಿದ: "ಅಯ್ಯಯ್ಯೋ, ಜಾರಿ ಬಿದ್ದನಲ್ಲಪ್ಪೋ!"

ರಾಯಚೂರಿನ ದವಾಖಾನೆಗೆ ಹೊರಟ ಜೀಪು ಕಲ್ಲೂರು ದಾಟುವುದರೊಳಗೆ ಮೀರಾಹುಸೇನ ತೀರಿಕೊಂಡ.

ಅವನ ಹೆಂಡತಿ ರಂಜಾನಬಿ. ಸಂತೆಯಲ್ಲಿ ಬಳೆ ಮಾರುತ್ತಿದ್ದ ಹೆಂಗಸು. ಎದುರಿನವರ ಕೈ ನೋಡಿದರೆ ಅಳತೆ ಹೇಳುತ್ತಿದ್ದಳು. ಕಚೇರಿ ಕೆಲಸದ ಮೇಲೆ ಬಿದ್ದು ಸತ್ತರೆ ಗಂಡನ ಜಾಗದಲ್ಲಿ ಹೆಂಡತಿಯನ್ನು ತೆಗೆದುಕೊಳ್ಳಬಹುದು ಎಂದು ಅವಳಿಗೆ ಯಾರೋ ಹೇಳಿದ್ದರು. ಬಾವಿಯಲ್ಲಿ ಮುಖ ತೊಳೆಯಲು ಹೋಗಿ ಬಿದ್ದರೆ ಅದು ಅವನ ಸ್ವಂತದ್ದು. ಅವಳು ಅರ್ಜಿ ಕೊಟ್ಟಳು. ರಾಯಚೂರಿನಿಂದ ಅಧಿಕಾರಿ ಬರುವುದು ಗೊತ್ತಾಯಿತು. ವಿಚಾರಣೆಯಲ್ಲಿ ಕೇಳುವುದು ಒಂದೇ ಪ್ರಶ್ನೆ. ಮೀರಾಹುಸೇನ ಬಿದ್ದದ್ದು ಎಲ್ಲಿ?

ಉತ್ತರ ಗೊತ್ತಿದ್ದವರು ಇಬ್ಬರೇ.

ನಾನು ಮೊದಲು ಹೇಳಿದೆನಲ್ಲ, ಬಾವಿ ಪಕ್ಕದ ಆ ರಾತ್ರಿ? ಅದಾದ ಮಾರನೆಯ ಬೆಳಿಗ್ಗೆಯೇ ರಂಜಾನಬಿ ಅವನ ಮನೆಗೆ ಬಂದಳು. ಶಂಭುಲಿಂಗಪ್ಪನಿಗೆ ರಾತ್ರಿಯಿಡೀ ನಿದ್ದೆಯಿಲ್ಲ. ಅವಳು ಒಳಗೆ ಬರಲಿಲ್ಲ. ಹೊಸ್ತಿಲ ಹೊರಗೇ ಕೂತಳು. ಸೆರಗಿನಿಂದ ಒಂದು ಅಂಗಿ ತೆಗೆದಳು.

"ಇದು ಅವತ್ತಿನ ಅಂಗಿರೀ. ಒಗದಿಲ್ಲ. ನೋಡ್ರಿ, ಎದಿಗೆಲ್ಲ ಕೆಂಪು ಹತ್ತ್ಯದ. ರಕ್ತ ಅಲ್ರೀ ಇದು. ಬಸ್ತಾದ ಬಟ್ಟಿ ಬಣ್ಣ. ಬೆವರು ಹತ್ತಿದ್ರ ಬಿಡತದ. ಎಷ್ಟೊಂದು ಸಲ ಒಗದೀನಿ ನಾ ಇಂಥಾ ಅಂಗಿ. ಬಾವಿಗೆ ಹೋಗಾವ ಬಸ್ತಾ ಯಾಕ ಅಪ್ಪಿಕೊಂಡು ಹೋಗತಾನ್ರೀ?"

"ನನಗೇನ್ ಗೊತ್ತವ್ವಾ."

"ನಿಮಗ ಗೊತ್ತದ್ರೀ. ಕುರ್ಚಿ ಹಿಡಿತಿದ್ದವ್ರು ನೀವ. ನಮ್ಮನಿಯವ್ರು ದಿನಾ ಹೇಳತಿದ್ರು. ಶಂಭು ಸಾಬ್ ಹಿಡದ್ರ ನನಗ ಅಂಜಿಕಿಲ್ಲ ಅಂತಿದ್ರು."

ಅವನು ಅಲುಗಿಸುತ್ತಿದ್ದದ್ದನ್ನು ಮೀರಾಹುಸೇನ ಮನೆಯಲ್ಲಿ ಹೇಳಿರಲೇ ಇಲ್ಲ.

ಶಂಭುಲಿಂಗಪ್ಪ ಎದ್ದು ಒಳಗೆ ಹೋದ. ಅವನ ಹೆಂಡತಿ ಅಡುಗೆಮನೆಯಲ್ಲಿ ಮಣೆಯ ಮೇಲೆ ನಿಂತು ಮಾಡಿಗೆ ತೂಗುಬಿಟ್ಟ ನೆಲುವಿನಿಂದ ಮಜ್ಜಿಗೆ ಗಡಿಗೆ ಇಳಿಸುತ್ತಿದ್ದಳು. ಅವಳ ತಲೆಯ ಮೇಲಿಂದ ಯಾರೋ ಕೇಳಿದರು.

"ಹಿಡದೀರೇನ್ರೀ, ಸಾಬ್?"

"ಇಳಿ! ಇಳಿಯೇ ಕೆಳಗ!" ಎಂದು ಅವನು ಹೆಂಡತಿಯ ಕೈ ಹಿಡಿದು ಎಳೆದ. ಗಡಿಗೆ ಒಡೆಯಿತು. ಮಜ್ಜಿಗೆ ಹರಿದು ಹೊಸ್ತಿಲ ತನಕ ಬಂತು. ರಂಜಾನಬಿ ಅಂಗಿಯನ್ನು ಎತ್ತಿ ಸೆರಗಿನೊಳಗೆ ಇಟ್ಟುಕೊಂಡಳು.

"ಸಾಹೇಬ್ರ ಮುಂದ ಖರೆ ಹೇಳ್ರಿ ಸಾಬ್. ನಾ ಬ್ಯಾರೆ ಏನೂ ಕೇಳಂಗಿಲ್ಲ" ಅಂದಳು.

ಅಧಿಕಾರಿ ಬಂದ. ಒಳ್ಳೆಯ ಮನುಷ್ಯ ಅನ್ನುತ್ತಾರೆ. ಬಾವಿ ನೋಡಿದ, ಪಾಚಿ ನೋಡಿದ, ರೆಕಾರ್ಡ್ ರೂಮಿನೊಳಗೆ ಇಣುಕಿ ಸೀನಿದ. ಒಬ್ಬೊಬ್ಬರನ್ನೇ ಕರೆದು ಕೇಳಿದ. ಶಂಭುಲಿಂಗಪ್ಪನ ಸರದಿ ಬಂದಾಗ ಹಂಪಯ್ಯ ಪಕ್ಕದಲ್ಲೇ ಕೂತು ಅಡಿಕೆ ಕತ್ತರಿಸುತ್ತಿದ್ದ. ಅಡಕತ್ತರಿಯ ಸದ್ದು... ಚಟ್. ಚಟ್.

"ಎಲ್ಲಿ ಬಿದ್ದ ಅವನು?"

"ಬಾವಿ ಕಟ್ಟಿಮ್ಯಾಗ್ರೀ ಸರ್."

ಅಷ್ಟೇ. ಸಹಿ ಮಾಡಿದ. ಹೊರಗೆ ಬೇವಿನ ಮರದ ಕೆಳಗೆ ರಂಜಾನಬಿ ನಿಂತಿದ್ದಳು. ಅವನು ಹಿಂದಿನ ಬಾಗಿಲಿನಿಂದ ತನ್ನ ಮೇಜಿಗೆ ಹೋದ, ಅವಳು ಹೋಗುವ ತನಕ ಹೊರಗೆ ಬರಲಿಲ್ಲ.

ಅಧಿಕಾರಿ ಆ ರಾತ್ರಿ ಪ್ರವಾಸಿ ಮಂದಿರದಲ್ಲಿ ಉಳಿದ. ಬೆಳಗಿನ ಬಸ್ಸಿಗೆ ಅವನ ಜೊತೆ ರಾಯಚೂರಿಗೆ ಕಳಿಸಬೇಕಾದ ಹಳೆಯ ಬಸ್ತಾ ಒಂದು ಇತ್ತು, ಬೇರೆ ಯಾವುದೋ ಕೆಲಸದ್ದು. ಹಂಪಯ್ಯನಿಗೆ ಅದು ನೆನಪಾದದ್ದು ಸಂಜೆ, ಶಂಭುಲಿಂಗಪ್ಪನನ್ನು ಬಿಟ್ಟು ಉಳಿದ ಗುಮಾಸ್ತರೆಲ್ಲ ಹೋದ ಮೇಲೆ. ಮೇಲಿನ ಸಾಲು. ಹೊಸ ಜವಾನ ಬಂದಿರಲಿಲ್ಲ. ನಿಚ್ಚಣಿಕೆಯೂ ಬಂದಿರಲಿಲ್ಲ.

"ನೀನ ಹತ್ತು" ಅಂದ ಹಂಪಯ್ಯ. "ಹುಲಿಗೆಪ್ಪ ಹಿಡಿತಾನ. ನಿನ್ನ ಖಾಯಂ ಕಾಗದ ನಾಳಿ ಅದೇ ಬಸ್ಸಿಗೆ ಕಳಸತೀನಿ, ಹೋಗು."

ಹುಲಿಗೆಪ್ಪ ಕಚೇರಿಯ ಕಾವಲುಗಾರ. ಇಬ್ಬರೂ ಮೇಜು ಎಳೆದರು. ಕುರ್ಚಿ ಇಟ್ಟರು. ಶಂಭುಲಿಂಗಪ್ಪ ಮೇಜು ಹತ್ತಿ ನಿಂತದ್ದೇ ಕರೆಂಟು ಹೋಯಿತು.

"ನಿಂದರ್ರೀ ಅಣ್ಣಾರ, ಕಂದೀಲು ತರತೀನಿ" ಎಂದ ಹುಲಿಗೆಪ್ಪ. ಅವನ ಚಪ್ಪಲಿ ಸದ್ದು ಮಾಡುತ್ತ ದೂರ ಹೋಯಿತು. ಚಟ್‌ಪಟ್, ಚಟ್‌ಪಟ್...

ಕತ್ತಲು. ಹಳೆಯ ಕಾಗದದ ವಾಸನೆ. ಗೆದ್ದಲು ಕಟ್ಟಿಗೆ ತಿನ್ನುವ ಸದ್ದು ಕೂಡ ಕೇಳುವಷ್ಟು ನಿಶ್ಶಬ್ದ.

ಚಪ್ಪಲಿಯ ಸದ್ದು ತಿರುಗಿ ಬಂದದ್ದನ್ನು ಅವನು ಕೇಳಲಿಲ್ಲ. ಆದರೆ ಕೆಳಗೆ ಯಾರೋ ಬಂದು ನಿಂತರು. ಕುರ್ಚಿಯ ಗಿಡ್ಡ ಕಾಲು 'ಟಕ್' ಎಂದು ಕೂತಿತು. ಮತ್ತೆ ಅಲುಗಲಿಲ್ಲ.

"ಹುಲಿಗೆಪ್ಪ? ಕಂದೀಲು ಎಲ್ಲಿ?"

"ಹಿಡದೀನಿ ಸಾಬ್. ಹತ್ತ್ರಿ."

ಅವನಿಗೆ ಆ ಕತ್ತಲಲ್ಲಿ ಬೇಗ ಕೆಲಸ ಮುಗಿಸಿ ಇಳಿಯಬೇಕಿತ್ತು. ಅಷ್ಟೇ ಅವನ ತಲೆಯಲ್ಲಿದ್ದದ್ದು. ಹತ್ತಿದ. ಕುರ್ಚಿ ನೆಲದಲ್ಲಿ ನೆಟ್ಟ ಕಲ್ಲಿನ ಹಾಗೆ ನಿಂತಿತ್ತು. ಅವನು ಕೈ ಚಾಚಿ ಬಸ್ತಾ ಎಳೆದುಕೊಂಡ. ಎರಡೂ ಕೈ ತುಂಬಿದವು.

ಆಗ ನೆನಪಾಯಿತು. ಹುಲಿಗೆಪ್ಪ ಅವನನ್ನು ಅಣ್ಣಾರ ಅನ್ನುತ್ತಾನೆ. ಎಂದೂ ಸಾಬ್ ಅಂದವನಲ್ಲ.

ದೂರದಿಂದ ಚಪ್ಪಲಿ ಬಂತು. ಚಟ್‌ಪಟ್, ಚಟ್‌ಪಟ್... ಬಾಗಿಲಲ್ಲಿ ಬೆಳಕು. ಕಂದೀಲು ಹಿಡಿದು ನಿಂತ ಹುಲಿಗೆಪ್ಪ ಮೇಲೆ ನೋಡಿದ, ಕೆಳಗೆ ನೋಡಿದ.

"ಅಣ್ಣಾರ... ಯಾರೂ ಹಿಡದಿಲ್ಲ, ಹೆಂಗ ಹತ್ತೀರಿ?"

ಕುರ್ಚಿ ಸ್ವಲ್ಪ ಅಲುಗಿತು. ಸ್ವಲ್ಪವೇ.

ಶಂಭುಲಿಂಗಪ್ಪ ಬಸ್ತಾ ತಬ್ಬಿಕೊಂಡು ಕಣ್ಣು ಮುಚ್ಚಿದ. ಅವನ ಕಾಲಡಿಯಿಂದ, ಅವನಿಗೆ ಮಾತ್ರ ಕೇಳುವ ಹಾಗೆ, ದನಿ ಬಂತು. ಸಿಟ್ಟಿಲ್ಲ. ಅಳುವಿಲ್ಲ.

"ಸಾಬ್, ನಾ ಎಲ್ಲಿ ಬಿದ್ದೆ?"

ಅಧಿಕಾರಿ ಇನ್ನೂ ಊರಲ್ಲೇ ಇದ್ದ. ಒಳಗೆ ಬಿದ್ದ ಎಂದು ಒಂದು ಮಾತು ಅಂದಿದ್ದರೆ ಸಾಕಿತ್ತು. ಅಂದೇಬಿಡುತ್ತಿದ್ದೆ ಎಂದು ಅವನು ನನ್ನ ಮುಂದೆ ಹೇಳುತ್ತಾನೆ. ಆದರೆ ಕಣ್ಣು ತೆರೆದಾಗ ಬಾಗಿಲಲ್ಲಿ ಹುಲಿಗೆಪ್ಪ ಕಂಡ. ಹುಲಿಗೆಪ್ಪ ಕೇಳಿದ್ದನ್ನೆಲ್ಲ ಹಂಪಯ್ಯನಿಗೆ ಮುಟ್ಟಿಸುವವನು. ನಾಳೆ ಬೆಳಿಗ್ಗೆ ಬಸ್ಸು. ಬಸ್ಸಿನಲ್ಲಿ ಅವನ ಖಾಯಂ ಕಾಗದ.

"ಬಾವಿ ಕಟ್ಟಿಮ್ಯಾಗ" ಅಂದ ಶಂಭುಲಿಂಗಪ್ಪ.

ಇದನ್ನು ಹುಲಿಗೆಪ್ಪ ಕೇಳಿದ್ದಾನೆ. ನನಗೆ ಬೇರೆಯಾಗಿ ಹೇಳಿದ್ದಾನೆ. ಯಾರೂ ಏನೂ ಕೇಳಿರಲಿಲ್ಲ, ಕುರ್ಚಿ ಮ್ಯಾಲ ನಿಂತು ಗ್ವಾಡಿಗೆ ಹೇಳಿದಂಗ ಹೇಳಿದ್ರು ಎಂದ.

ಕೆಳಗಿನಿಂದ ಒಂದು ಉಸಿರು. ಅಷ್ಟೆ.

"ಹಂಗಾದ್ರ ಬಿಡತೀನ್ರೀ, ಸಾಬ್."

ಧಪ್.

ಹಂಪಯ್ಯ ಓಡಿ ಬಂದಾಗ ಶಂಭುಲಿಂಗಪ್ಪ ಫರ್ಸಿಯ ಮೇಲೆ ಅಂಗಾತ ಬಿದ್ದು ಮಾಡು ನೋಡುತ್ತಿದ್ದ. ಎದೆಯ ಮೇಲೆ ಬಸ್ತಾ. ಸೊಂಟದ ಕೆಳಗೆ ಏನೂ ಇಲ್ಲದ ಹಾಗೆ. ಹಂಪಯ್ಯ ಬಹಳ ಹೊತ್ತು ಯೋಚಿಸಲಿಲ್ಲ.

"ಹುಲಿಗೆಪ್ಪ, ಕಾಲು ಹಿಡಿ."

"ಸರ್..." ಅಂದ ಶಂಭುಲಿಂಗಪ್ಪ. "ಎತ್ತಬ್ಯಾಡ್ರೀ ಸರ್. ಅಲಗಸಬ್ಯಾಡ್ರಿ. ನಿಮ್ಮ ಕಾಲಿಗೆ ಬೀಳತೀನಿ."

"ಬೀಳೂದು ಆತಲ್ಲ" ಅಂದ ಹಂಪಯ್ಯ. ಕಂಕುಳಲ್ಲಿ ಕೈ ಹಾಕಿದ. "ಸುಮ್ಮನಿರು. ಖಾಯಂ ಆಗೂದು ಬ್ಯಾಡೇನು?"

ಹೊಸ್ತಿಲು ದಾಟುವಾಗ ಚಟ್ ಅಂತು. ಬಾವಿಯ ಕಟ್ಟೆ ತಣ್ಣಗಿತ್ತು. ಮೊದಲನೆಯ ಬಕೆಟ್ಟಿಗೇ ಅವನಿಗೆ ಎಚ್ಚರ ತಪ್ಪಿತು.

ಅವನು ಬದುಕಿದ. ಬದುಕು ಅನ್ನಬಹುದಾದರೆ. ಬಾಗಲವಾಡದಲ್ಲಿ, ನಡುಮನೆಯಲ್ಲಿ, ಹೊರಸಿನ ಮೇಲೆ. ಮಗ್ಗಲು ಬದಲಿಸಲೂ ಹೆಂಡತಿಯನ್ನು ಕರೆಯಬೇಕು. ಅವನ ವಿಚಾರಣೆಗೂ ಅದೇ ಅಧಿಕಾರಿ ಬಂದ. ಎರಡನೆಯವನೂ ಜಾರಿದನೆಂದು ಕೇಳಿ ತಲೆ ಅಲ್ಲಾಡಿಸಿ, ಬಾವಿಗೆ ಕಬ್ಬಿಣದ ಜಾಳಿ ಹಾಕಿಸಲು ಬರೆದ. ಜಾಳಿ ಬಂತು. ಖಾಯಂ ಕಾಗದ ಹೋಗಲಿಲ್ಲ. ನಡೆಯಲಾರದವನನ್ನು ಖಾಯಂ ಮಾಡಿ ಏನು ಉಪಯೋಗ? ಹಂಪಯ್ಯ ದೇವದುರ್ಗಕ್ಕೆ ವರ್ಗವಾಗಿ ಹೋಗುವಾಗ ಸಾಮಾನಿನ ಜೊತೆ ನಿಚ್ಚಣಿಕೆಯನ್ನೂ ಲಾರಿಗೆ ಹಾಕಿಸಿಕೊಂಡ. ಅವನಿಗೆ ಏನೂ ಆಗಲಿಲ್ಲ. ಚೆನ್ನಾಗಿಯೇ ಇದ್ದಾನೆ.

ಶಂಭುಲಿಂಗಪ್ಪ ಈಗ ಬಂದವರಿಗೆಲ್ಲ ಖರೆ ಹೇಳುತ್ತಾನೆ. ಯಾರಿಗೂ ಬೇಡ. ಒಮ್ಮೆ ರಂಜಾನಬಿ ಬಳೆಯ ಬುಟ್ಟಿ ಹೊತ್ತು ಆ ಊರಿಗೆ ಬಂದಿದ್ದಳು. ನಾನು ಅಲ್ಲೇ ಇದ್ದೆ. ಬುಟ್ಟಿ ಇಳಿಸಿ, ಹೊಸ್ತಿಲ ಹೊರಗೆ ಕೂತು ಕೇಳಿದಳು.

"ಎಲ್ಲಿ ಬಿದ್ರಿ ಸಾಬ್?"

"ಒಳಗ ಬೇ, ರಂಜಾನಬಿ. ಒಳಗ ಬಿದ್ದೆ. ಅಂವನೂ ಒಳಗ ಬಿದ್ದ. ನಾನ ಕೆಡವಿದೆ. ಯಾರ ಮುಂದ ಬೇಕಾದರ ಹೇಳತೀನಿ, ಕರ್ಕೊಂಡು ಬಾ..."

ಅವಳು ಅವನ ಕಾಲುಗಳನ್ನು ನೋಡಿದಳು. ಅಳತೆ ತೆಗೆಯುವವಳ ಹಾಗೆ.

"ಬಾವಿ ಕಟ್ಟಿಮ್ಯಾಗ ಅಂತ ಬರದಾರಲ್ರೀ, ಸಾಬ್" ಅಂದಳು. ಬುಟ್ಟಿ ಹೊತ್ತುಕೊಂಡು ಹೋದಳು.

ಇಷ್ಟನ್ನು ನೀವು ನಂಬದಿದ್ದರೂ ನಡೆಯುತ್ತದೆ. ಬಿದ್ದ ಗುಮಾಸ್ತನೊಬ್ಬ ತನ್ನ ಸಮಾಧಾನಕ್ಕೆ ಕಟ್ಟಿಕೊಂಡ ಮಾತು ಅನ್ನಿ. ನಾನೂ ಹಾಗೇ ಅಂದುಕೊಂಡಿದ್ದೆ. ಆಮೇಲೆ, ಎಂಬತ್ತಮೂರರಲ್ಲಿ ಇರಬೇಕು, ಏನೋ ಕೆಲಸಕ್ಕೆ ಆ ಕಚೇರಿಗೆ ಹೋದೆ. ಹುಲಿಗೆಪ್ಪ ರೆಕಾರ್ಡ್ ರೂಮು ತೆರೆದು ತೋರಿಸಿದ. ಆ ರಾತ್ರಿ ಶಂಭುಲಿಂಗಪ್ಪ ಬಿದ್ದ, ಕುರ್ಚಿ ಬೀಳಲಿಲ್ಲ ಎಂದ. ಕುರ್ಚಿ ಈಗ ನೆಲದ ಮೇಲಿತ್ತು. ನಾನು ಬಗ್ಗಿ ನೋಡಿದೆ. ಒಂದು ಕಾಲು ಗಿಡ್ಡವೇ. ಅದಕ್ಕೂ ಫರ್ಸಿಗೂ ನಡುವೆ ನನ್ನ ಕಿರುಬೆರಳು ಸಲೀಸಾಗಿ ಹೋಯಿತು. ಕೆಳಗೆ ಕಾಗದವಿಲ್ಲ, ಕಲ್ಲಿಲ್ಲ, ಏನೂ ಇಲ್ಲ.

ಕೂತು ನೋಡಿದೆ. ಆ ಕಡೆ ವಾಲಿದೆ, ಈ ಕಡೆ ವಾಲಿದೆ.

ಅಲುಗಲಿಲ್ಲ.